ವಯಸ್ಸಾದಂತೆ ನಡಿಗೆಗೂ ಓಟಕ್ಕೂ ತಗಲುವ ಶಕ್ತಿ ಒಂದೇ ರೀತಿ ಹೆಚ್ಚುತ್ತದೆಯೇ?

ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ನಿಮ್ಮೊಂದಿಗೆ ಅದೇ ವೇಗದಲ್ಲಿ ನಡೆಯುವ ಎಪ್ಪತ್ತರ ಮಾವನವರು ನಿಮಗಿಂತ ಬೇಗ ದಣಿಯುವುದೇಕೆ ಎಂದು ಕೇಳಿದ್ದೀರಿ. ಅದಕ್ಕೆ ಶರೀರದಲ್ಲೇ ಕಾರಣವಿದೆ. ಅರವತ್ತೈದು ದಾಟಿದವರು ಅಷ್ಟೇ ದೂರ ನಡೆಯಲು, ದೇಹತೂಕದ ಲೆಕ್ಕದಲ್ಲಿ, ಯುವಕರಿಗಿಂತ ಸಾಮಾನ್ಯವಾಗಿ ಶೇ. 15ರಿಂದ 20ರಷ್ಟು ಹೆಚ್ಚು ಶಕ್ತಿ ವ್ಯಯಿಸುತ್ತಾರೆ.

ಹಿಮ್ಮಡಿ ಎತ್ತುವಾಗ ನೆಲವನ್ನು ಹಿಂದಕ್ಕೆ ಒತ್ತುವ ಮೀನಖಂಡದ ಬಲ ಕುಗ್ಗಿ ಆ ಕೆಲಸ ಸೊಂಟದ ಸ್ನಾಯುಗಳ ಮೇಲೆ ಬೀಳುತ್ತದೆ. ಜೊತೆಗೆ, ಕೀಲು ಅಲುಗದಂತೆ ಕಾಯಲು ತೊಡೆಯ ಮುಂದಿನ ಹಾಗೂ ಹಿಂದಿನ ಸ್ನಾಯುಗಳು ಏಕಕಾಲಕ್ಕೆ ಬಿಗಿಯುವುದರಿಂದ, ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ತುಳಿದಂತೆ, ಆಮ್ಲಜನಕ ವೃಥಾ ಖರ್ಚಾಗುತ್ತದೆ. ಇಷ್ಟು ಸಾಲದೆಂಬಂತೆ, ವ್ಯಾಯಾಮವಿಲ್ಲದ ದೇಹದಲ್ಲಿ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯವೇ ನಡುವಯಸ್ಸಿನಿಂದಾಚೆಗೆ ದಶಕಕ್ಕೆ ಸುಮಾರು ಶೇ. 10ರಂತೆ ಇಳಿಯುತ್ತದೆ. ಖರ್ಚು ಏರಿ ಆದಾಯ ಇಳಿದರೆ ದಣಿವು ಸಹಜವೇ.

ಓಟದ ಕಥೆ ಬೇರೆ. ಸಮತಟ್ಟಾದ ನೆಲದಲ್ಲಿ ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಓಡಿಸಲು ಸುಮಾರು 1 ಕಿಲೋಕ್ಯಾಲೊರಿ ಬೇಕು, ಅಂದರೆ 60 ಕಿಲೋ ತೂಗುವವರು 5 ಕಿಲೋಮೀಟರ್ ಓಡಿದರೆ 300. ವರ್ಷಗಳಿಂದ ಓಡುತ್ತ ಬಂದ ಹಿರಿಯರಲ್ಲೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ನನಗೆ ಹೆಚ್ಚು ಕುತೂಹಲಕರವೆನಿಸಿದ್ದು ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನ: ವಾರಕ್ಕೆ ಮೂರು ಬಾರಿಯಾದರೂ ಅರ್ಧ ಗಂಟೆ ಓಡುವ ಹಿರಿಯರ ನಡಿಗೆಯ ಖರ್ಚು ಯುವಕರದರಷ್ಟೇ ಇತ್ತು, ಅಷ್ಟೇ ಹೊತ್ತು ಬರೀ ನಡೆಯುವವರಲ್ಲಿ ಹಾಗಿರಲಿಲ್ಲ. ಆದರೆ ಮಾವನವರು ಈಗ ಹೊಸದಾಗಿ ಓಡಲು ಹೊರಡುವುದಾದರೆ, ಮೊದಲು ಹೃದಯ ಮತ್ತು ಮೊಣಕಾಲಿನ ತಪಾಸಣೆ ಆಗಲಿ.