ಚೀವಿತಾಗೆ ಭಾನುವಾರ ಬೇಡ

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ಏಪ್ರಿಲ್‌ನಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮೂವರೂ ರೋಮ್‌ಗೆ ಹೊರಟಿದ್ದೇವೆ. ಭಾನುವಾರ ಬಿಡುವಿದೆ. ಗುಡ್ಡದ ಮೇಲಿನ ಚೀವಿತಾ ದಿ ಬಾನ್ಯೊರೆಜೊ ನೋಡಿಕೊಂಡು ಸಂಜೆಗೆ ವಾಪಸ್ ಬರಬಹುದಾ? ಅತ್ತೆಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಅದು ಸಾಯುತ್ತಿರುವ ಊರು ಅಂತಾರೆ. ಅಂಥಲ್ಲಿಗೆ ಜನ ಮುಗಿಬೀಳೋದು ಸರೀನಾ ಅನ್ನೋ ಅಳುಕೂ ಇದೆ."

ಖಂಡಿತ ಹೋಗಿ. ಆದರೆ ಭಾನುವಾರ ಬೇಡ. ರೋಮ್‌ನಿಂದ ರೈಲಿನಲ್ಲಿ ಓರ್ವಿಯೆತೊಗೆ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಚೀವಿತಾದ ಎದುರಿಗಿರುವ ಊರು ಬಾನ್ಯೊರೆಜೊಗೆ ಬಸ್ಸು. ಆ ಬಸ್ಸು ಭಾನುವಾರ, ಹಬ್ಬದ ದಿನ ಓಡುವುದಿಲ್ಲ. ಏಪ್ರಿಲ್‌ನಲ್ಲಿ ಈಸ್ಟರ್ ಬಿದ್ದರೆ ಮರುದಿನ ಸೋಮವಾರವೂ ರಜೆ, ಅದನ್ನೂ ನೋಡಿಕೊಳ್ಳಿ. ಉಳಿದ ದಿನಗಳಲ್ಲೂ ಬಸ್ಸು ಕಡಿಮೆಯೇ. ಇಳಿದ ಕೂಡಲೇ ವಾಪಸ್ ಬರುವ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ಟಿಕೆಟನ್ನು ಹತ್ತುವ ಮೊದಲೇ ಹತ್ತಿರದ ಕಾಫಿ ಬಾರ್ ಅಥವಾ ಸಿಗರೇಟ್ ಅಂಗಡಿಯಲ್ಲಿ ತೆಗೆದುಕೊಂಡುಬಿಡಿ.

ಸಾಧ್ಯವಾದರೆ ಒಂದು ರಾತ್ರಿ ಬಾನ್ಯೊರೆಜೊದಲ್ಲೇ ಉಳಿಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ದಿನದ ಮಟ್ಟಿಗೆ ಬರುವವರೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ, ಮಧ್ಯಾಹ್ನದ ಆಸುಪಾಸಿನಲ್ಲಿ ಬಂದು ಆ ಸಣ್ಣ ಓಣಿಗಳನ್ನು ತುಂಬಿಬಿಡುತ್ತಾರೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋದರೆ ಊರು ಊರಿನ ಹಾಗೆ ಕಾಣುತ್ತದೆ. ಓಡಿಬಂದು, ಫೋಟೊ ತೆಗೆದು, ಓಡಿಹೋಗುವ ಪ್ರವಾಸ ಈ ಊರಿಗೆ ಸಲ್ಲದು.

ಅತ್ತೆಯವರ ವಿಷಯ. ಚೀವಿತಾಗೆ ಕಾರು, ಬಸ್ಸು ಯಾವುದೂ ಹೋಗುವುದಿಲ್ಲ. ದಾರಿ ಒಂದೇ, 1965ರಲ್ಲಿ ಕಟ್ಟಿದ ಕಾಲ್ನಡಿಗೆಯ ಸೇತುವೆ. ಉದ್ದ ಸುಮಾರು 300 ಮೀಟರ್. ಮೊದಮೊದಲು ಸಲೀಸು, ಕೊನೆಯಲ್ಲಿ ಏರು ಜೋರಾಗಿದೆ. ನೆರಳಿಲ್ಲ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಲ್ವಾ? ಕೋಲು ಇರಲಿ, ಮಳೆ ಬಂದಿದ್ದರೆ ಅವರಿಗೆ ಸೇತುವೆಯೇ ಬೇಡ. ಬಾನ್ಯೊರೆಜೊ ಮುಗಿಯುವಲ್ಲಿ ಬೆಲ್ವೆದೆರೆ ಅನ್ನೋ ಕಟ್ಟೆಯಿದೆ. ಇಡೀ ಗುಡ್ಡ, ಸೇತುವೆ, ಸುತ್ತಲಿನ ಬೋಳು ಕೊರಕಲು ಎಲ್ಲ ಅಲ್ಲಿಂದ ಕಾಣುತ್ತದೆ. ಅವರನ್ನು ಅಲ್ಲಿ ಕೂರಿಸಿ, ನೀವಿಬ್ಬರೂ ಸರದಿಯ ಮೇಲೆ ಹೋಗಿಬನ್ನಿ.

ಇನ್ನು ನಿಮ್ಮ ಅಳುಕು. ಊರು ನಿಂತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ಮೇಲೆ. ಅದರ ಕೆಳಗಿರುವುದು ಜೇಡಿಮಣ್ಣು. ಮಳೆಗೆ, ಕೆಳಗಿನ ಹಳ್ಳಗಳ ನೀರಿಗೆ ಜೇಡಿ ಕೊಚ್ಚಿಹೋಗುತ್ತದೆ. ಬುಡ ತಪ್ಪಿದ ಕಲ್ಲು ಸೀಳಿ ಉರುಳುತ್ತದೆ. ರೋಮನ್ನರಿಗಿಂತ ಮೊದಲು ಈ ಸೀಮೆಯಲ್ಲಿದ್ದ ಎಟ್ರುಸ್ಕರು ಸುಮಾರು 2500 ವರ್ಷದ ಹಿಂದೆ ನೆಲೆಸಿದಾಗ ಊರು ಇನ್ನೂ ದೊಡ್ಡದಿತ್ತು. 1695ರ ಭೂಕಂಪದ ನಂತರ ಆಡಳಿತವೂ ಬಿಷಪ್ಪರ ಪೀಠವೂ ಬಾನ್ಯೊರೆಜೊಗೆ ಹೋದವು, ಜನವೂ ಹೋದರು. ಸಂತ ಬೊನಾವೆಂತುರಾ ಹುಟ್ಟಿದ ಮನೆ ಎಂದೋ ಕಣಿವೆ ಸೇರಿದೆ. ಈಗ ವರ್ಷಪೂರ್ತಿ ಇರುವವರು ಬೆರಳೆಣಿಕೆಯಷ್ಟು ಜನ.

ಸಾಂತಾ ಮರಿಯಾ ಬಾಗಿಲು ದಾಟಿ ಒಳಗೆ ಹೋದರೆ ಹಳೇ ಅರಮನೆಯೊಂದರ ಮುಂಗೋಡೆ ಸಿಗುತ್ತದೆ. ಕಿಟಕಿಗಳಿವೆ, ಅದರಾಚೆ ಕೋಣೆಗಳಿಲ್ಲ, ಬರೀ ಆಕಾಶ. ಹಿಂದಿನ ಭಾಗವೆಲ್ಲ ಕುಸಿದಿದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಊರಿಗೆ ಏನಾಗುತ್ತಿದೆ ಅಂತ ಆ ಗೋಡೆಯಷ್ಟು ಚೆನ್ನಾಗಿ ಯಾವ ಗೈಡೂ ಹೇಳಲಾರ.

ಹೀಗಿರುವಾಗ ಜನ ಬರಬಾರದು ಅಂತ ನನಗನ್ನಿಸುವುದಿಲ್ಲ. 2013ರಿಂದ ಸೇತುವೆ ದಾಟಲು ಟಿಕೆಟ್ ಇದೆ. ಒಂದೂವರೆ ಯೂರೊದಿಂದ ಶುರುವಾಗಿ 5 ಯೂರೊಗೆ ಏರಿದೆ. ಆ ದುಡ್ಡು ಊರಾಡಳಿತಕ್ಕೆ ಹೋಗುತ್ತದೆ. ಸುಮ್ನೆ ತೆತ್ತ ದಂಡ ಅಂದುಕೊಳ್ಳಬೇಡಿ. ಊಟವನ್ನೂ ಮೇಲೆಯೇ ಮಾಡಿ, ಅಲ್ಲಿ ಅಂಗಡಿ ಇಟ್ಟುಕೊಂಡವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಬಾಗಿಲು ತೆರೆದಿದೆ ಅಂತ ಯಾರ ಅಂಗಳಕ್ಕೂ ನುಗ್ಗಬೇಡಿ, ಅವು ಜನ ಬಾಳುವ ಮನೆಗಳು.

ಊಟಕ್ಕೆ ತೊಂದರೆಯಿಲ್ಲ. ಸುಟ್ಟ ಬ್ರೆಡ್ಡಿನ ಮೇಲೆ ಟೊಮೇಟೊ, ಆಲಿವ್ ಎಣ್ಣೆ ಹಾಕಿದ ಬ್ರುಸ್ಕೆತ್ತಾ ಸಿಗುತ್ತದೆ. ತರಕಾರಿ ಸೂಪ್ ಅಂದರೂ ಮಾಂಸದ ಸಾರು ಬೆರೆಸಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅತ್ತೆಯವರು ಕಟ್ಟುನಿಟ್ಟಿನವರಾದರೆ ಆರ್ಡರ್ ಮಾಡುವಾಗಲೇ "ಸೆಂತ್ಸಾ ಫೊರ್ಮಾಜ್ಜೊ", ಅಂದರೆ ಚೀಸ್ ಬೇಡ, ಅಂತ ಹೇಳಿಬಿಡಿ.

– ಸಂಪಾದಕ