ಜುಲೈಯಲ್ಲಿ ಬೋಟಿಗೆ ಹೋದ ಹುಡುಗ

ಆಪ್ತಸಲಹೆಗೆಂದು ನನ್ನಲ್ಲಿಗೆ ಬರುವವರಲ್ಲಿ ಒಂದು ಬಗೆಯವರನ್ನು ನಾನು ಮನಸ್ಸಿನಲ್ಲೇ ‘ಸಹಿಯವರು’ ಎಂದು ಕರೆಯುತ್ತೇನೆ. ಒಂದು ಕಾಲಕ್ಕೆ ತಾವೇ ಕೇರಿ ಕೇರಿ ತಿರುಗಿ ಕೆಲಸ ಮಾಡಿದವರು, ಈಗ ಬೇರೆಯವರು ತಿರುಗಿದ್ದಕ್ಕೆ ಸಹಿ ಹಾಕುವವರು. ಆರೋಗ್ಯ ಕಾರ್ಯಕರ್ತೆಯರ ಮೇಲ್ವಿಚಾರಕಿ ಒಬ್ಬರು ಬಂದಿದ್ದರು, ಸಹಕಾರಿ ಸಂಘದ ವಸೂಲಿ ನೋಡಿಕೊಳ್ಳುವ ಒಬ್ಬರು ಬಂದಿದ್ದರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು. ರಾತ್ರಿ ಎರಡಕ್ಕೆ ಎಚ್ಚರ, ಎದೆ ಡವಡವ, ಫೋನ್ ಹೊಡೆದುಕೊಂಡರೆ ಕೂತಲ್ಲಿಂದ ಎದ್ದು ನಿಲ್ಲುವುದು.

ಇದು ಮತ್ತೆ ಮತ್ತೆ ಬರುತ್ತಿದೆ ಎಂಬ ಕಾರಣಕ್ಕಷ್ಟೇ ಬರೆಯುತ್ತಿದ್ದೇನೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಕೆಳಗಿನ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆ ಒಬ್ಬ ಹಿರಿಯ ಸಹೋದ್ಯೋಗಿಗೆ ಸರಿ ಕಾಣಲಿಲ್ಲ. ಅವರೆದುರು ಕೂತು ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ ಎಂದು ಓದಿಕೊಂಡರೂ ಅಡ್ಡಿಯಿಲ್ಲ.

ಅವರನ್ನು ಸುಮತಿ ಎನ್ನೋಣ. ಹೆಸರು, ವಯಸ್ಸು, ಕದ್ದ ವಸ್ತು, ಊರು ಎಲ್ಲ ಬದಲಿಸಿದ್ದೇನೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಿದ್ದ ಮಗುವಿನ ಗುರುತು ಬಿಟ್ಟುಕೊಡಬಾರದು ಎಂದು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ. ದೊಡ್ಡವರ ಗುರುತಿಗೂ ನಾನು ಅದನ್ನೇ ಪಾಲಿಸುತ್ತೇನೆ. ನಲವತ್ತು ದಾಟಿದ ಹೆಂಗಸು, ಕರಾವಳಿಯ ಮೀನುಗಾರರ ಮನೆಯವರು. ಸನ್ನಡತೆಯ (ಪ್ರೊಬೇಷನ್) ಮೇಲೆ ಬಿಡುಗಡೆಯಾದ ಹುಡುಗರನ್ನು ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸಗಾರರ ಮೇಲ್ವಿಚಾರಣೆ ಅವರದು. ಕಾರವಾರದ ಕಡೆಯಲ್ಲಿ ಆಪ್ತಸಲಹೆಗೆ ಹೋದರೆ ಸಂಜೆಯೊಳಗೆ ಬೈತಖೋಲ ಬಂದರಿನವರೆಗೂ ಸುದ್ದಿ ಎಂದು ಹೆದರಿ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುತ್ತಿದ್ದರು. ಹೋಗಲು ಮೂರು ತಾಸಿನ ಮೇಲೆ, ಬರಲು ಮತ್ತಷ್ಟೇ.

ಮೊದಲ ಮೂರು ಭೇಟಿಯಲ್ಲಿ ನಾನು ತಪ್ಪು ದಾರಿಯಲ್ಲಿದ್ದೆ. ಕೆಲಸದ ಹೊರೆ ಎಂದುಕೊಂಡೆ. ಹೊರೆ ಇದ್ದದ್ದೂ ಹೌದು. 12 ತಾಲೂಕುಗಳ ಜಿಲ್ಲೆ, ಒಂದು ಕಡೆ ಭಟ್ಕಳ, ಇನ್ನೊಂದು ಕಡೆ ಹಳಿಯಾಳ, ನಡುವೆ ಜೋಯಿಡಾದ ಕಾಡು. ಕೆಲಸಗಾರರಲ್ಲಿ ಹೆಚ್ಚಿನವರು ಗುತ್ತಿಗೆಯವರು, ಪ್ರಯಾಣ ಭತ್ಯೆಯ ಬಿಲ್ಲು ತಿಂಗಳುಗಟ್ಟಲೆ ಬಾಕಿ. ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ರಾತ್ರಿ ಎಂಟರ ಮೇಲೆ ಫೋನ್ ಅಡುಗೆಮನೆಯಲ್ಲಿಡಿ ಎಂದೆ. ಅವರು ಶಿಸ್ತಿನಿಂದ ಎಲ್ಲ ಮಾಡಿದರು. ನಿದ್ದೆ ಮಾತ್ರ ಬರಲಿಲ್ಲ.

ನಾಲ್ಕನೆಯ ಭೇಟಿ ಡಿಸೆಂಬರಿನಲ್ಲಿ. ಪಕ್ಕದ ಮನೆಯಲ್ಲಿ ಅಡಕೆ ಸುಲಿಯುವ ಹೆಂಗಸರ ಮಾತು ಕಿಟಕಿಯಿಂದ ಕೇಳುತ್ತಿತ್ತು. ಸುಮತಿ ಅಂದು ಒಬ್ಬ ಹುಡುಗನ ಬಗ್ಗೆ ಹೇಳಿದರು, ಬೇರೆ ಯಾರದೋ ಕತೆ ಹೇಳಿದ ಹಾಗೆ. ಬಂದರಿನಲ್ಲಿ ಡೀಸೆಲ್ ಕದ್ದು ಸಿಕ್ಕಿಬಿದ್ದಿದ್ದ, ಆಗ 17. ಬಾಲ ನ್ಯಾಯ ಮಂಡಳಿ ಅವನನ್ನು ಒಂದು ವರ್ಷದ ಸನ್ನಡತೆಯ ಮೇಲೆ ತಾಯಿಯ ಸುಪರ್ದಿಗೆ ಬಿಟ್ಟಿತ್ತು. ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಅವಕಾಶವಿದೆ, ಇವನಿಗೆ ಒಂದು ಸಾಕು ಎಂದಿದ್ದರು. ಹುಡುಗ ಒಳ್ಳೆಯವನೇ, ಬೋಟಿಗೆ ಹೋಗಲು ಶುರು ಮಾಡಿದ್ದ. ಆಮೇಲೆ ಆಗಸ್ಟಿನಲ್ಲಿ ಗೋವಾದಲ್ಲಿ ಬೈಕ್ ಕದ್ದ ಪ್ರಕರಣದಲ್ಲಿ ಸಿಕ್ಕ. ಅಷ್ಟರಲ್ಲಿ 18 ತುಂಬಿ ಎರಡು ತಿಂಗಳಾಗಿತ್ತು. ಈ ಸಲ ಮಂಡಳಿಯಿಲ್ಲ, ದೊಡ್ಡವರ ಕೋರ್ಟು, ದೊಡ್ಡವರ ಜೈಲು.

“ನಿಮ್ಮ ಕೆಲಸಗಾರ ಅವನ ಮನೆಗೆ ಹೋಗುತ್ತಿದ್ದನಾ?” ಎಂದು ಕೇಳಿದೆ.

“ವರದಿ ಇದೆ ಮೇಡಂ. ಪ್ರತಿ ತಿಂಗಳದ್ದೂ ಇದೆ.”

ಕೇಳಿದ್ದು ವರದಿಯನ್ನಲ್ಲ ಎಂದು ಹೇಳಬಹುದಿತ್ತು. ಸುಮ್ಮನಿದ್ದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ, ಕೊನೆಗೆ ಆ ವರದಿಯನ್ನು ಬಾಯಿಪಾಠದಂತೆ ಒಪ್ಪಿಸಿದರು. “ದಿನಾಂಕ ಹನ್ನೆರಡು ಜುಲೈ. ಮನೆ ಭೇಟಿ ಮಾಡಲಾಗಿದೆ. ಬಾಲಕನು ಪರ್ಸಿನ್ ಬೋಟಿನಲ್ಲಿ ನಿಯಮಿತವಾಗಿ ಕೆಲಸಕ್ಕೆ ಹೋಗುತ್ತಿದ್ದು ನಡತೆ ತೃಪ್ತಿಕರವಾಗಿದೆ.”

ನಾನು ಘಟ್ಟದ ಮೇಲಿನವಳು. ನನಗೆ ಏನೂ ಹೊಳೆಯಲಿಲ್ಲ. ಅವರು ನನ್ನ ಮುಖ ನೋಡಿದರು, ನನಗೆ ತಿಳಿಯಲಿಲ್ಲವೆಂದು ಅವರಿಗೆ ತಿಳಿಯಿತು.

“ಜುಲೈದಲ್ಲಿ ಯಾವ ಪರ್ಸಿನ್ ಬೋಟು ಸಮುದ್ರಕ್ಕೆ ಇಳೀತದೆ ಹೇಳಿ ಮೇಡಂ?”

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಸುತ್ತುಬಲೆ ಹಾಕುವ ಪರ್ಸಿನ್ ಬೋಟೂ ಸೇರಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಮೇಲಿಂದ ಮಳೆಗಾಲದ ಸಮುದ್ರ. ನಾಡದೋಣಿಯವರು ದಂಡೆಯ ಹತ್ತಿರ ಅಷ್ಟಿಷ್ಟು ಬಲೆ ಬೀಸುತ್ತಾರೆ. ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ಬೋಟಿನ ಕೂಲಿ ನಂಬಿದ ಹುಡುಗನಿಗೆ ವರ್ಷದಲ್ಲಿ ಕೈ ಪೂರ್ತಿ ಖಾಲಿಯಾಗುವುದು ಅದೇ ಎರಡು ತಿಂಗಳು. ಅವನ ಮನೆಗೆ ಯಾರಾದರೂ ಹೋಗಲೇಬೇಕಿದ್ದದ್ದೂ ಅದೇ ಎರಡು ತಿಂಗಳು.

“ನನ್ನ ಸೋದರಮಾವ ತಾಂಡೇಲ, ಬೋಟು ನಡೆಸುವವ. ಬೋಟು ಎಳೆಯುವಾಗ ಹುಟ್ಟಿದವಳು ನಾನು. ಆ ಸಾಲು ಓದಿದ ಕೂಡಲೇ ಗೊತ್ತಾಯ್ತು, ನಮ್ಮ ಕೆಲಸಗಾರ ಹೋಗಲಿಲ್ಲ, ಮೇ ತಿಂಗಳದ್ದನ್ನೇ ತಾರೀಖು ತಿದ್ದಿ ಕೊಟ್ಟಿದ್ದಾನೆ. ಗೊತ್ತಿದ್ದೂ ಸಹಿ ಹಾಕ್ದೆ. ಅವನನ್ನು ಕರೆದು ಕೇಳಿದ್ರೆ, ಮಳೆ ಮೇಡಂ, ಗಾಡಿಗೆ ಪೆಟ್ರೋಲ್ ನನ್ನ ಕೈಯಿಂದ ಹಾಕ್ಬೇಕು ಮೇಡಂ ಅಂತಿದ್ದ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅದಕ್ಕೇ ಕರೀಲಿಲ್ಲ.”

ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು: ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ತಾವು ಯಾವಾಗಲೂ ಬೋಸ್ಟನ್ನಿನ ಜಾನ್ ಆಗಸ್ಟಸನ ಕತೆ ಹೇಳುತ್ತಾರಂತೆ. 1841ರಲ್ಲಿ ಕೋರ್ಟಿಗೆ ಬಂದ ಒಬ್ಬ ಕುಡುಕನಿಗೆ ತಾನೇ ಜಾಮೀನಾಗಿ ನಿಂತು, ಕುಡಿತ ಬಿಡುವ ಪ್ರತಿಜ್ಞೆ ಮಾಡಿಸಿ, ಮೂರು ವಾರದ ಮೇಲೆ ಗುರುತೇ ಸಿಗದಂತೆ ಸರಿಯಾದವನನ್ನು ಮತ್ತೆ ಕೋರ್ಟಿನೆದುರು ನಿಲ್ಲಿಸಿದ ಬೂಟು ಹೊಲಿಯುವವನು. ನಮ್ಮ 1958ರ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯೂ ಅಧಿಕಾರಿಯ ಕರ್ತವ್ಯದಲ್ಲಿ ಸಲಹೆ ಕೊಡು, ನೆರವಾಗು ಎಂದೇ ಹೇಳುತ್ತದೆ. “ಆ ಹುಡುಗನ ಮುಖ ನಾನು ನೋಡಿಲ್ಲ ಮೇಡಂ. ಅವನ ಸಾಮಾಜಿಕ ತನಿಖಾ ವರದಿ ಹನ್ನೊಂದು ಪುಟ ಇದೆ. ಮುಖ ಗೊತ್ತಿಲ್ಲ.”

ಇನ್ನು ಸಲಹೆಯ ಮಾತು.

ಸುಮತಿ ರಾಜೀನಾಮೆ ಬರೆದು ಕೈಚೀಲದಲ್ಲಿಟ್ಟುಕೊಂಡೇ ಬಂದಿದ್ದರು. ಬೇಡ ಎಂದೆ. ಇಂಥ ಕಡೆ ಸಲಹೆಗಾರರು “ನಿಮಗೇನು ಅನಿಸುತ್ತದೆ?” ಎಂದು ತಿರುಗಿ ಕೇಳಬೇಕು ಎಂಬುದು ನಮ್ಮ ಪಾಠ. ನಾನು ಕೇಳಲಿಲ್ಲ. ಬೇಡ ಎಂದೆ, ಏಕೆಂದೂ ಹೇಳಿದೆ. ನೀವು ಹೋದರೆ ಆ ಕುರ್ಚಿಗೆ ಜುಲೈಯಲ್ಲಿ ಬೋಟು ಇಳಿಯುವುದಿಲ್ಲವೆಂದು ಗೊತ್ತಿಲ್ಲದವರು ಬಂದು ಕೂರುತ್ತಾರೆ, ಅವರು ನೆಮ್ಮದಿಯಿಂದ ಸಹಿ ಹಾಕುತ್ತಾರೆ.

ಎರಡನೆಯದು, ಆ ವರದಿ ಸುಳ್ಳೆಂದು ಮೇಲಿನವರಿಗೆ ಬರೆದು ತಿಳಿಸುವುದು. ಅದನ್ನು ರಾತ್ರಿ ಎರಡು ಗಂಟೆಗೆ ಒಬ್ಬರೇ ಬರೆಯಬೇಡಿ, ಮೊದಲು ವಕೀಲರೊಬ್ಬರನ್ನು ಕಾಣಿ, ಅದಕ್ಕೂ ಮೊದಲು ಆ ಕೆಲಸಗಾರನನ್ನು ಕರೆದು ಎದುರಿಗೆ ಹೇಳಿ ಎಂದೆ. ಅವನಿಗೆ ಗೊತ್ತಿಲ್ಲದೆ ಹೋದ ಪತ್ರ ಇನ್ನೊಂದು ಸುಳ್ಳಿನ ಹಾಗೆಯೇ ಆಗುತ್ತದೆ.

ಸಹೋದ್ಯೋಗಿಯ ಆಕ್ಷೇಪ ಇಲ್ಲಿಯೇ. “ನೀನು ಅವರ ಆಡಳಿತಕ್ಕೆ ಕೈ ಹಾಕಿದೆ. ನಿದ್ದೆಯ ದೂರು ತಂದವರಿಗೆ ನೋಟಿಸ್ ತರಿಸಿಕೊಟ್ಟೆ.” ಇರಬಹುದು. ಆದರೆ ನಿದ್ದೆಗೆಡಿಸುವ ಕಾಗದ ಮೇಜಿನ ಮೇಲೆ ಇರುವಾಗ ನಾಲ್ಕು ಎಣಿಸಿ ಉಸಿರು ತೆಗೆದುಕೊಳ್ಳಿ ಎಂದು ಹೇಳಿಕೊಡುವುದಕ್ಕೆ ನನಗೆ ನಾಚಿಕೆಯಾಯಿತು. ಎಲ್ಲ ಆತಂಕವೂ ಕಾಯಿಲೆ ಆಗಬೇಕಿಲ್ಲ. ಕೆಲವು ಸಲ ಮನಸ್ಸು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ಅದನ್ನು ಮಲಗಿಸಲು ನಮ್ಮಲ್ಲಿಗೆ ಕರೆತರುತ್ತಾರೆ. ‘ಸಹಿಯವರ’ ಮನೆಮಂದಿ ಇದನ್ನು ಓದುತ್ತಿದ್ದರೆ ಒಂದು ವಿನಂತಿ. “ಆಫೀಸಿನದು ಆಫೀಸಿನಲ್ಲಿ ಬಿಟ್ಟು ಬಾ” ಎನ್ನುವ ಮೊದಲು, ಬಿಟ್ಟು ಬರಲಾಗದ್ದು ಯಾವುದು ಎಂದು ಒಮ್ಮೆ ಕೇಳಿ.

ಮೂರನೆಯದರಲ್ಲಿ ನನಗೆ ಇವತ್ತಿಗೂ ಅನುಮಾನವಿದೆ. ಹುಡುಗನ ಆಯಿಯ, ಅಂದರೆ ತಾಯಿಯ, ಕಾಲು ಹಿಡಿದು ಕ್ಷಮೆ ಕೇಳಿ ಬರುತ್ತೇನೆ ಎಂದರು. ಈಗ ಬೇಡ ಎಂದು ತಡೆದೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿನ ಮನೆಗೆ ಅಧಿಕಾರಿ ಅಳುತ್ತ ಹೋದರೆ ಏನಾಗುತ್ತದೆ? ಅವಳು ಕುರ್ಚಿ ಒರೆಸಿ ಕೂರಿಸುತ್ತಾಳೆ, ಪಕ್ಕದ ಮನೆಯಿಂದ ಹಾಲು ತಂದು ಚಾ ಮಾಡುತ್ತಾಳೆ, “ಇರ್ಲಿ ಬಿಡಿ ಅಮ್ಮಾ, ಅವನ ಹಣೆಬರಹ” ಎಂದು ಇವರನ್ನೇ ಸಮಾಧಾನ ಮಾಡಿ ಕಳಿಸುತ್ತಾಳೆ. ಹಗುರಾಗಿ ಬರುವವರು ಇವರು. ಹೋಗುವುದಾದರೆ ಅವಳಿಗೆ ಬೇಕಾದದ್ದನ್ನು ಕೈಯಲ್ಲಿ ಹಿಡಿದು ಹೋಗಿ ಎಂದೆ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಕಸ್ಟಡಿಯಲ್ಲಿ ಇರುವ ಯಾರಿಗಾದರೂ ಉಚಿತ ವಕೀಲರು ಸಿಗುತ್ತಾರೆ, ಗೋವಾದಲ್ಲಾದರೂ ಅಷ್ಟೇ. ಆ ಆಯಿಗೆ ಅದು ಗೊತ್ತಿರಲಿಲ್ಲ. ಸಾಲ ಮಾಡಿ ಯಾರಿಗೋ ದುಡ್ಡು ಕೊಟ್ಟಿದ್ದಳು.

ಸುಮತಿ ಹೋದರು, ಕಾಗದಪತ್ರ ಮಾಡಿಸಿಕೊಟ್ಟರು. ಕ್ಷಮೆ ಕೇಳಿದರೋ ಇಲ್ಲವೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಿಂಗಳ ವರದಿಯಲ್ಲಿ ‘ಭೇಟಿ ಆಗಲಿಲ್ಲ, ಕಾರಣ’ ಎಂಬ ಒಂದು ಅಂಕಣ ಅವರೇ ಸೇರಿಸಿದರಂತೆ. ಮೊದಲ ತಿಂಗಳೇ ಒಂಬತ್ತು ಮನೆಗಳು ಆ ಅಂಕಣಕ್ಕೆ ಬಿದ್ದವು. ಮೇಲಿನಿಂದ ವಿವರಣೆ ಕೇಳಿ ಪತ್ರ ಬಂತು, ಅದಕ್ಕೆ ಬಾಕಿ ಇರುವ ಪ್ರಯಾಣ ಭತ್ಯೆಯ ಪಟ್ಟಿ ಲಗತ್ತಿಸಿ ಉತ್ತರ ಬರೆದಿದ್ದಾರೆ. ಹಳೆಯ ವರದಿಯ ವಿಚಾರಣೆ ಇನ್ನೂ ನಡೆದಿದೆ, ವೇತನ ಬಡ್ತಿ ನಿಲ್ಲಬಹುದು ಎನ್ನುತ್ತಾರೆ. ನಿದ್ದೆ ಕೆಲವು ದಿನ ಬರುತ್ತದೆ.

ಮೊನ್ನೆ ಫೋನ್ ಮಾಡಿ ಬುಧವಾರದ ಭೇಟಿ ರದ್ದು ಮಾಡಿದರು. ಆ ಕೆಲಸಗಾರನ ಬೈಕಿನ ಹಿಂದೆ ಕೂತು ಜೋಯಿಡಾದ ಒಂದು ಮನೆಗೆ ಹೋಗುವುದಿದೆಯಂತೆ. “ಅವನು ನನ್ನ ಹತ್ರ ಸರಿ ಮಾತಾಡ್ತಾ ಇಲ್ಲ ಮೇಡಂ ಇನ್ನೂ. ಪೆಟ್ರೋಲು ನಾನೇ ಹಾಕ್ಸ್ತೇನೆ ಅಂದದ್ದಕ್ಕೆ ಹ್ಞೂಂ ಅಂದ, ಅಷ್ಟೇ.”