ಕೊನೆಗಾಲದಲ್ಲಿ ಅವರವರ ದೇವರು

ಆಸ್ಪತ್ರೆ, ಆರೈಕೆ, ಕೊನೆಗಾಲ: ಓದುಗರ ಪ್ರಶ್ನೆಗಳಿಗೆ ಕಥೋಲಿಕ ಧರ್ಮಭಗಿನಿಯೊಬ್ಬರ ಉತ್ತರ. ಇವರು ಕರಾವಳಿ ಮತ್ತು ಮಲೆನಾಡಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು.

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಾನು ಕಥೋಲಿಕಳು, ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮ ವಾರ್ಡಿನಲ್ಲಿದ್ದ ಲಿಂಗಾಯತ ಅಜ್ಜಿಯೊಬ್ಬರು ತೀರಿಕೊಳ್ಳುವ ಹಿಂದಿನ ರಾತ್ರಿ ‘ವಿಭೂತಿ ಹಚ್ಚು ಮಗಾ, ನನ್ ಕೈ ಏಳ್ತಿಲ್ಲ’ ಅಂದರು. ಮಗ ಇನ್ನೂ ದಾರಿಯಲ್ಲಿದ್ದರು. ಅಜ್ಜಿಯ ಚೀಲದಲ್ಲಿದ್ದ ವಿಭೂತಿ ಗಟ್ಟಿ ತೆಗೆದು ಹಣೆಗೆ ಹಚ್ಚಿದೆ. ಬೆಳಿಗ್ಗೆ ಅವರ ಊರಿನ ಅಯ್ಯನವರಿಗೆ ಫೋನ್ ಮಾಡಿ ಕರೆಸಿದೆ. ಇದು ಗೊತ್ತಾಗಿ ನಮ್ಮ ಪ್ರಾರ್ಥನಾ ಕೂಟದ ಒಬ್ಬರು ‘ಬೇರೆ ದೇವರು ನಿನಗಿರಬಾರದು ಎಂಬ ಮೊದಲನೇ ಆಜ್ಞೆ ಮುರಿದಿದ್ದೀಯ, ಪಾಪನಿವೇದನೆ ಮಾಡು’ ಎಂದರು. ಅಂದಿನಿಂದ ಸಮಾಧಾನವಿಲ್ಲ.
– ಚಿಕ್ಕಮಗಳೂರು ಜಿಲ್ಲೆಯ ಓದುಗರು

ಉತ್ತರ: ನೀನು ಪಾಪ ಮಾಡಿಲ್ಲ ತಂಗಿ. ವಯಸ್ಸಿನಲ್ಲಿ ಚಿಕ್ಕವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಕೂಟದವರ ಮಾತಿಗೂ ಒಂದು ಮೂಲ ಇದೆ, ಅದನ್ನು ಹೇಳಿಬಿಡುತ್ತೇನೆ. 19ನೇ ಶತಮಾನದಲ್ಲಿ ಕಥೋಲಿಕ ಸಿಸ್ಟರುಗಳು ನಡೆಸುತ್ತಿದ್ದ ಆಸ್ಪತ್ರೆಗಳಿಂದ ಇದೇ ಪ್ರಶ್ನೆ ರೋಮಿಗೆ ಹೋಗಿತ್ತು. ಬೇರೆ ಕ್ರೈಸ್ತ ಸಭೆಯ, ಅಂದರೆ ಬೇರೆ ಪಂಗಡದ, ರೋಗಿ ತನ್ನ ಪಾಸ್ಟರನ್ನು ಕರೆಸಿ ಅಂದರೆ ಏನು ಮಾಡಬೇಕು? ನೀವಾಗಿ ಕರೆಯಬೇಡಿ, ಸುಮ್ಮನಿರಿ ಅಂತ ಉತ್ತರ ಬಂತು. ನರ್ಸುಗಳಿಗಾಗಿ ಬರೆದ ಹಳೆಯ ನೀತಿ ಪುಸ್ತಕಗಳೂ ಅದನ್ನೇ ಹೇಳುತ್ತಿದ್ದವು. ಹಳಬರಲ್ಲಿ ಆ ಹೆದರಿಕೆ ಇನ್ನೂ ಉಳಿದಿದೆ.

ಆಮೇಲೆ ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. 1965ರ ಅಕ್ಟೋಬರ್ 28ರಂದು ಹೊರಬಂದ ‘ನೋಸ್ತ್ರಾ ಏತಾತೆ’ ಎಂಬ ಘೋಷಣೆ, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಸಾರಿತು. ಅದೇ ವರ್ಷ ಡಿಸೆಂಬರ್ 7ರಂದು ಬಂದ ಇನ್ನೊಂದು ಘೋಷಣೆ ಧರ್ಮ ಸ್ವಾತಂತ್ರ್ಯದ ಬಗ್ಗೆ. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು, ತಮ್ಮ ಮನಸ್ಸಾಕ್ಷಿಯಂತೆ ನಡೆಯುವವರನ್ನು ತಡೆಯಲೂಬಾರದು ಅಂತ ಅದರಲ್ಲಿದೆ. 1993ರಲ್ಲಿ ವ್ಯಾಟಿಕನ್ ಹೊರಡಿಸಿದ ಕ್ರೈಸ್ತ ಐಕ್ಯತೆಯ ಮಾರ್ಗಸೂಚಿ ಇನ್ನೂ ಮುಂದೆ ಹೋಗುತ್ತದೆ. ಕಥೋಲಿಕ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಬೇರೆ ಸಭೆಯವರು ಇದ್ದರೆ ಅವರ ಗುರುಗಳಿಗೆ ತಡಮಾಡದೆ ಸುದ್ದಿ ಮುಟ್ಟಿಸಬೇಕಂತೆ. ಬಂದವರಿಗೆ ಎಲ್ಲ ಅನುಕೂಲ ಮಾಡಿಕೊಡಬೇಕು, ಬೇಕಾದರೆ ನಮ್ಮ ಚಾಪೆಲ್ ಕೂಡ. ‘ಕರೆಯಬೇಡಿ’ ಅಂದಿದ್ದ ಕಡೆಯಿಂದಲೇ ‘ನೀವೇ ತಿಳಿಸಿ’ ಅಂತ ಬಂತು. ಆ ಮಾರ್ಗಸೂಚಿ ಬೇರೆ ಕ್ರೈಸ್ತರ ಬಗ್ಗೆ ಬರೆದದ್ದು, ನಿಜ. ಸಾಯುವ ಲಿಂಗಾಯತ ಅಜ್ಜಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಸಾಕು ಅನ್ನಲು ನನಗಂತೂ ಒಂದು ಕಾರಣವೂ ಸಿಗುವುದಿಲ್ಲ.

ಇನ್ನು ನೀನು ಮಾಡಿದ್ದು. ಅಜ್ಜಿಯ ಕೈ ಏಳಲಿಲ್ಲ, ನಿನ್ನ ಕೈ ಎದ್ದಿತು. ವಿಭೂತಿ ಅವರದು, ನಂಬಿಕೆ ಅವರದು, ಪ್ರಾರ್ಥನೆಯೂ ಅವರದೇ. ನೀನು ಯಾವ ದೇವರನ್ನೂ ಬದಲಾಯಿಸಿಕೊಳ್ಳಲಿಲ್ಲ. ಅಯ್ಯನವರನ್ನು ಕರೆಸಿದ್ದಂತೂ ಇನ್ನೂ ಒಳ್ಳೆಯ ಕೆಲಸ. ಒಂದು ಗೆರೆ ಮಾತ್ರ ನೆನಪಿರಲಿ. ಪಾದೋದಕ ಕೊಡುವುದು, ಮಂತ್ರ ಹೇಳುವುದು ಜಂಗಮರ ಕೆಲಸ. ಅವರು ಬರುವುದು ತಡವಾಯಿತು ಅಂತ ನಾವು ಅವರ ಜಾಗದಲ್ಲಿ ನಿಂತು ನಟಿಸಬಾರದು. ಹಾಗೆ ಮಾಡಿದರೆ ಅವರ ವಿಧಿಗೂ ಅಗೌರವ, ನಮ್ಮ ಬಾಯಲ್ಲೂ ಸುಳ್ಳು. ಅಂಥ ಹೊತ್ತಿನಲ್ಲಿ ಫೋನ್ ಸ್ಪೀಕರಿಗೆ ಹಾಕಿ ಕಿವಿಯ ಹತ್ತಿರ ಹಿಡಿದರೆ ಸಾಕು.

ಇನ್ನೊಂದು ವಿಷಯ ನಿನ್ನ ಜೊತೆಯವರಿಗೂ ಹೇಳು. ಸ್ಕ್ಯಾನಿಂಗಿಗೆ, ಆಪರೇಷನ್‌ಗೆ ಕರೆದೊಯ್ಯುವಾಗ ಬಳೆ, ಸರದ ಜೊತೆ ಇಷ್ಟಲಿಂಗದ ಕರಡಿಗೆಯನ್ನೂ ಬಿಚ್ಚಿ ಟ್ರೇಯಲ್ಲಿ ಹಾಕಿಬಿಡುವವರಿದ್ದಾರೆ. ಲಿಂಗಧಾರಿಗಳಿಗೆ ಅದು ಪ್ರಾಣ ತೆಗೆದಿಟ್ಟ ಹಾಗೆ. ಮೊದಲು ಅವರನ್ನೇ ಕೇಳಬೇಕು. ತೆಗೆಯಲೇಬೇಕಾದರೆ ಅವರೇ ತೆಗೆಯಲಿ, ಇಲ್ಲವೇ ಮನೆಯವರು ತೆಗೆದು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿ. ಲೋಹ ಇದ್ದರೂ ನಡೆಯುವ ಕಡೆ ತೋಳಿಗೋ ಅಂಗೈಗೋ ಬಟ್ಟೆಯಲ್ಲಿ ಸುತ್ತಿ ಕಟ್ಟಿದರೂ ಆಗುತ್ತದೆ. ವಾಪಸ್ ಬಂದ ಕೂಡಲೇ ಮೊದಲು ಅದನ್ನು ಕೊಡಿ, ಚಾರ್ಟ್ ಬರೆಯುವುದು ಆಮೇಲೆ.

ಕೂಟದವರಿಗೆ ಒಂದು ಘಟನೆ ಹೇಳಬಹುದು. ಮೊದಲನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದ ಜೊತೆಗಿದ್ದ ಅಬ್ರಹಾಂ ಬ್ಲಾಕ್ ಎಂಬ ಯೆಹೂದಿ ಗುರು ಗಾಯಾಳುಗಳನ್ನು ಹೊರುತ್ತಿದ್ದರು. ಸಾಯುತ್ತಿದ್ದ ಕಥೋಲಿಕ ಸೈನಿಕನೊಬ್ಬ ಅವರನ್ನು ಪಾದ್ರಿ ಎಂದುಕೊಂಡು ಶಿಲುಬೆ ಕೇಳಿದ. ಅವರು ಹುಡುಕಿ ತಂದು ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಶೆಲ್ ಬಿದ್ದು ತಾವೂ ತೀರಿಕೊಂಡರು. ಅದು 1914ರ ಆಗಸ್ಟ್ 29. ಈ ಸಂಗತಿಯನ್ನು ಕಾಗದ ಬರೆದು ಅವರ ಹೆಂಡತಿಗೆ ತಿಳಿಸಿದ್ದು ಜೆಸ್ವಿಟ್ ಎಂಬ ಕಥೋಲಿಕ ಸಂಘದ ಒಬ್ಬ ಗುರು. ನಮ್ಮವನೊಬ್ಬನಿಗೆ ಯೆಹೂದಿ ಗುರು ಶಿಲುಬೆ ತಂದುಕೊಟ್ಟಾಗ ಕಣ್ತುಂಬಿಕೊಳ್ಳುವ ನಾವು, ನಮ್ಮ ಹುಡುಗಿ ಅಜ್ಜಿಗೆ ವಿಭೂತಿ ಹಚ್ಚಿದರೆ ಪಾಪ ಅನ್ನುವುದು ಯಾವ ನ್ಯಾಯ?

ಪ್ರಶ್ನೆ: ನಮ್ಮ ತಂದೆ ಕ್ಯಾನ್ಸರಿನ ಕೊನೆಯ ಹಂತದಲ್ಲಿ ಮಿಷನ್ ಆಸ್ಪತ್ರೆಯೊಂದರಲ್ಲಿದ್ದಾರೆ. ನೋಡಿಕೊಳ್ಳುವುದು ಚೆನ್ನಾಗಿದೆ. ಆದರೆ ನೆಂಟರು ‘ಪ್ರಜ್ಞೆ ತಪ್ಪಿದ ಮೇಲೆ ನೀರು ಹಾಕಿ ಮತ ಬದಲಾಯಿಸ್ತಾರೆ, ಮದರ್ ತೆರೇಸಾ ಕಡೆಯವರೂ ಹಾಗೇ ಮಾಡ್ತಿದ್ರು’ ಅಂತ ಹೆದರಿಸುತ್ತಿದ್ದಾರೆ. ವಿಷ್ಣು ಸಹಸ್ರನಾಮ ಓದಬಹುದಾ, ಗಂಗಾಜಲ ಹಾಕಬಹುದಾ ಅಂತ ಕೇಳಲೂ ಮುಜುಗರ.
– ಶಿವಮೊಗ್ಗದ ಓದುಗರು

ಉತ್ತರ: ಕೇಳಿ ಸರ್, ಖಂಡಿತ ಕೇಳಿ. ಇವತ್ತೇ ಕೇಳಿ.

ಕೋಲ್ಕತ್ತಾದ ಕಾಳಿಘಾಟ್‌ನಲ್ಲಿ ಮದರ್ ತೆರೇಸಾ ‘ನಿರ್ಮಲ ಹೃದಯ’ ಆರಂಭಿಸಿದ್ದು 1952ರ ಆಗಸ್ಟಿನಲ್ಲಿ. ಕಾಳಿ ದೇವಸ್ಥಾನಕ್ಕೆ ಅಂಟಿಕೊಂಡ ಯಾತ್ರಿಕರ ಛತ್ರವನ್ನು ಅಲ್ಲಿನ ನಗರಪಾಲಿಕೆ ಬಿಟ್ಟುಕೊಟ್ಟಿತ್ತು. ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತರುತ್ತಿದ್ದರು. ಹಿಂದೂಗಳ ತುಟಿಗೆ ಗಂಗಾಜಲ, ಮುಸ್ಲಿಮರಿಗೆ ಕುರಾನ್ ಓದು, ಕಥೋಲಿಕರಿಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರ, ಹೀಗೆ ಅವರವರ ಪದ್ಧತಿ ಎಂಬುದು ಅಲ್ಲಿನ ನಿಯಮ. ಅದನ್ನು ಮೆಚ್ಚಿ ಬರೆದವರು ತುಂಬ ಜನ. ಮದರ್ ತೆರೇಸಾ ಅವರ ಸಿಸ್ಟರುಗಳ ಸಭೆಯನ್ನು ಬಿಟ್ಟು ಹೊರಬಂದ ಅಮೆರಿಕದ ಮಾಜಿ ಸಿಸ್ಟರ್ ಒಬ್ಬರು 1990ರ ದಶಕದಲ್ಲಿ ಬೇರೆಯದನ್ನೇ ಬರೆದರು. ಹಣೆ ಒರೆಸುವ ನೆಪದಲ್ಲಿ ಗುಟ್ಟಾಗಿ ಜ್ಞಾನಸ್ನಾನ, ಅಂದರೆ ನೀರು ಹಾಕಿ ಕ್ರೈಸ್ತರನ್ನಾಗಿಸುವ ಸಂಸ್ಕಾರ, ಕೊಡುತ್ತಿದ್ದರು ಅಂತ. ನಿಮ್ಮ ನೆಂಟರ ಮಾತಿಗೆ ಮೂಲ ಅದೇ ಇರಬೇಕು.

ನಾನು ಹೇಳುವುದು ಇಷ್ಟು. ಯಾರೇ ಹಾಗೆ ಮಾಡಿದರೂ, ಎಷ್ಟೇ ದೊಡ್ಡವರು ಮಾಡಿದರೂ, ಅದು ತಪ್ಪು. 1983ರ ನಮ್ಮ ಧರ್ಮಸಭೆಯ ಕಾನೂನಿನಲ್ಲಿ 865ನೇ ವಿಧಿ ಇದೆ. ವಯಸ್ಕರು ಸಾವಿನ ಅಂಚಿನಲ್ಲಿದ್ದರೂ, ನಂಬಿಕೆಯ ಮುಖ್ಯ ವಿಷಯಗಳನ್ನು ಒಂದಿಷ್ಟಾದರೂ ತಿಳಿದು, ಬೇಕು ಅಂತ ತಾವೇ ಯಾವುದಾದರೂ ರೀತಿಯಲ್ಲಿ ತೋರಿಸಿದರೆ ಮಾತ್ರ ಜ್ಞಾನಸ್ನಾನ. ಕೇಳದವರಿಗೆ, ಪ್ರಜ್ಞೆ ತಪ್ಪಿದವರಿಗೆ ಗುಟ್ಟಾಗಿ ಕೊಡಲು ಅಲ್ಲಿ ಜಾಗವೇ ಇಲ್ಲ. ಹಾಸಿಗೆ ಹಿಡಿದು ಮಾತಾಡಲಾಗದವರ ಮೇಲೆ ನಮ್ಮ ದೇವರನ್ನು ಹೇರುವುದು ಆ ದೇವರಿಗೇ ಬೇಡದ ಕೆಲಸ ಅಂತ ನಾನು ನಂಬುತ್ತೇನೆ. ನಿಮ್ಮ ತಂದೆಯವರ ವಿಷಯದಲ್ಲಿ ಅನುಮಾನ ಇದ್ದರೆ ವಾರ್ಡ್ ಸಿಸ್ಟರಿಗೆ ನೇರವಾಗಿ ಹೇಳಿ: ‘ನಮ್ಮ ತಂದೆಗೆ ನಮ್ಮ ಪದ್ಧತಿಯೇ ಆಗಬೇಕು, ಕೇಸ್ ಶೀಟಿನಲ್ಲಿ ಬರೆದಿಡಿ.’ ಬರೆದಿಟ್ಟರೆ ರಾತ್ರಿ ಡ್ಯೂಟಿಗೆ ಬಂದವರಿಗೂ ಗೊತ್ತಿರುತ್ತದೆ.

ಸಹಸ್ರನಾಮ ಓದಿ. ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಷ್ಟು ಮೆಲ್ಲಗೆ, ತಂದೆಯವರ ಕಿವಿಯ ಹತ್ತಿರ. ಕಣ್ಣು ಬಿಡದಿದ್ದರೂ ಕೇಳಿಸುತ್ತಿರಬಹುದು. ಗಂಗಾಜಲಕ್ಕೆ ಒಂದು ಎಚ್ಚರಿಕೆ. ನುಂಗಲು ಆಗದವರ ಬಾಯಿಗೆ ಚಮಚದಲ್ಲಿ ಹಾಕಿದರೆ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ, ಕೊನೆಗಳಿಗೆ ನರಕವಾಗುತ್ತದೆ. ಹತ್ತಿ ಅದ್ದಿ ತುಟಿ ಒದ್ದೆ ಮಾಡಿ. ತುಳಸಿ ದಳವನ್ನು ನಾಲಿಗೆಯ ಮೇಲೆ ಬಿಡಬೇಡಿ, ತುಟಿಗೆ ಮುಟ್ಟಿಸಿ ಸಾಕು. ಆಕ್ಸಿಜನ್ ಇರುವ ಕಡೆ ದೀಪ, ಊದಿನಕಡ್ಡಿ ಬೇಡವೇ ಬೇಡ, ಬೆಂಕಿ ಹತ್ತಿಕೊಳ್ಳುತ್ತದೆ. ಬ್ಯಾಟರಿ ದೀಪ ಇಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಪ್ರಾಣ ಹೋಗುವ ಮುಂಚೆ ನೆಲಕ್ಕೆ ಇಳಿಸಿ ದರ್ಭೆಯ ಮೇಲೆ ಮಲಗಿಸುವ ಪದ್ಧತಿ ನಿಮ್ಮಲ್ಲಿದ್ದರೆ ಐಸಿಯುವಿನಲ್ಲಿ ಅದು ಕಷ್ಟ. ಅದಕ್ಕೇ ಡಾಕ್ಟರ ಹತ್ತಿರ ಈಗಲೇ ಮಾತಾಡಿ. ನೋವಿನ ಮಾತ್ರೆ, ಔಷಧಿ ಎಲ್ಲ ಬರೆಸಿಕೊಂಡು ಮನೆಗೇ ಕರೆದೊಯ್ಯಲು ಸಾಧ್ಯವಾ ಕೇಳಿ. ಎಷ್ಟೋ ಜನರಿಗೆ ಅದೇ ಕೊನೆಯ ಆಸೆ ಇರುತ್ತದೆ, ಬಾಯಿಬಿಟ್ಟು ಹೇಳಿರುವುದಿಲ್ಲ ಅಷ್ಟೇ.

ಪ್ರಶ್ನೆ: ಸಿಸ್ಟರ್, ನಮ್ಮ ಅಮ್ಮ ತೀರಿಕೊಂಡಾಗ ಕ್ರಿಶ್ಚಿಯನ್ ನರ್ಸ್ ಒಬ್ಬರು ಹಾಸಿಗೆ ತಿರುಗಿಸಿಕೊಟ್ಟು, ನಾವು ಕುರಾನಿನ ಯಾಸೀನ್ ಅಧ್ಯಾಯ ಓದುವವರೆಗೆ ಪರದೆ ಎಳೆದು ನಿಂತಿದ್ದರು. ಮರೆಯಲು ಆಗುವುದಿಲ್ಲ. ಬೇರೆ ನರ್ಸುಗಳಿಗೂ ಅನುಕೂಲವಾಗಲಿ, ಏನೇನು ಮಾಡಬಹುದು ಅಂತ ಬರೆಯಿರಿ.
– ಭಟ್ಕಳದ ಓದುಗರು

ಉತ್ತರ: ಬಹಳ ಸಂತೋಷ ಆಯಿತು. ಚಿಕ್ಕದಾಗಿ ಬರೆಯುತ್ತೇನೆ.

ನಮ್ಮ ರಾಜ್ಯದಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ. ಬಲ ಮಗ್ಗುಲಿಗೆ ಮಲಗಿಸಿ ಮುಖ ಆ ಕಡೆ ಮಾಡುವುದು ಪದ್ಧತಿ. ತಿರುಗಿಸಿದರೆ ನೋವಾಗುವವರನ್ನು ಅಂಗಾತ ಮಲಗಿಸಿ, ಪಾದ ಆ ಕಡೆ ಬರುವಂತೆ ಮಾಡಿ, ತಲೆಯ ಕೆಳಗೆ ದಿಂಬು ಕೊಟ್ಟರೂ ನಡೆಯುತ್ತದೆ. ಹಾಸಿಗೆ ತಿರುಗಿಸುವ ಮುಂಚೆ ಆಕ್ಸಿಜನ್ ಪೈಪ್ ಅಲ್ಲಿಗೆ ಮುಟ್ಟುತ್ತದಾ ನೋಡಿ. ಕಿವಿಯ ಹತ್ತಿರ ಕಲಿಮಾ (ಇಸ್ಲಾಮಿನ ನಂಬಿಕೆಯ ವಚನ) ಹೇಳುವುದು ಮನೆಯವರ ಕೆಲಸ. ಮನೆಯವರು ದೂರ ಇದ್ದರೆ ಹತ್ತಿರದ ಮಸೀದಿಗೆ ಫೋನ್ ಮಾಡಿ, ಅಥವಾ ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿರುವ ಮುಸ್ಲಿಂ ಅಟೆಂಡರನ್ನೋ ಡ್ರೈವರನ್ನೋ ಕರೆಯಿರಿ. ಯಾರೂ ಇಲ್ಲ ಅನ್ನಬೇಡಿ.

ಪ್ರಾಣ ಹೋದ ಮೇಲೆ ಕಣ್ಣು ಮುಚ್ಚಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಮೈ ಪೂರ್ತಿ ಮುಚ್ಚಿ. ಸ್ನಾನ ಮಾಡಿಸುವುದನ್ನು ಅವರಿಗೇ ಬಿಡಿ. ಹೆಣ್ಣುಮಕ್ಕಳ ದೇಹ ಮುಟ್ಟುವ ಕೆಲಸ ಹೆಣ್ಣು ಸಿಬ್ಬಂದಿಯೇ ಮಾಡಲಿ. ದಫನ್ ಬೇಗ ಆಗಬೇಕು, ಹಾಗಾಗಿ ಬಿಲ್ಲು, ಸರ್ಟಿಫಿಕೇಟು ಅಂತ ಕಾಯಿಸಬೇಡಿ. ಪೊಲೀಸ್ ಕೇಸ್ ಇದ್ದು ಪೋಸ್ಟ್‌ಮಾರ್ಟಂ ಆಗಲೇಬೇಕಿದ್ದರೆ ಅದನ್ನು ಮೊದಲೇ, ಕೂರಿಸಿ, ಬಿಡಿಸಿ ಹೇಳಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಬೀದಿಯಲ್ಲಿ ಬಿದ್ದಿರುವ ವೃದ್ಧರನ್ನು ಸಿಸ್ಟರುಗಳ ಆಶ್ರಮಕ್ಕೆ ಸೇರಿಸುತ್ತೇವೆ. ಕೆಲವರಿಗೆ ಹೆಸರು ಹೇಳುವಷ್ಟೂ ಶಕ್ತಿ ಇರುವುದಿಲ್ಲ. ಯಾವ ಧರ್ಮ ಅಂತ ಹೇಗೆ ತಿಳಿಯುವುದು?
– ಮಂಗಳೂರಿನ ಓದುಗರು

ಉತ್ತರ: ಮೊದಲು ಅವರನ್ನೇ ಕೇಳಿ, ಕನ್ನಡ ಅಲ್ಲದಿದ್ದರೆ ತುಳು, ಕೊಂಕಣಿ, ಬ್ಯಾರಿ, ಹಿಂದಿ ಬರುವವರನ್ನು ಕರೆಸಿ. ಬಾಯಿ ಬರದವರೂ ಎಷ್ಟೋ ಸಲ ತಲೆಯಾಡಿಸುತ್ತಾರೆ. ಮೈ ಒರೆಸುವಾಗ ಕತ್ತಿನ ದಾರ, ತಾಯಿತ, ಕೈ ಮೇಲಿನ ಹಚ್ಚೆ, ಚೀಲದಲ್ಲಿರುವ ಪಟ ಗಮನಿಸಿ, ಕೊಳೆಯಾಗಿದೆ ಅಂತ ಯಾವುದನ್ನೂ ಎಸೆಯಬೇಡಿ. ಪೊಲೀಸರಿಗೆ ಮಾಹಿತಿ ಕೊಟ್ಟೇ ಸೇರಿಸಿ, ಮನೆಯವರು ಸಿಕ್ಕರೂ ಸಿಗಬಹುದು. ಏನೂ ಗೊತ್ತಾಗದೆ ಹೋದರೆ ಸುಮ್ನೆ ಊಹೆ ಮಾಡಿ ಯಾವ ವಿಧಿಯನ್ನೂ ಅಂಟಿಸಬೇಡಿ, ನಮ್ಮದನ್ನಂತೂ ಬೇಡ. ಅವರಿಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸಲು ಯಾರ ಅಡ್ಡಿಯೂ ಇಲ್ಲ. ಆಶ್ರಮದ ಫೋನ್ ಪಕ್ಕದಲ್ಲಿ ಹತ್ತಿರದ ದೇವಸ್ಥಾನದ ಭಟ್ಟರು, ಮಸೀದಿಯ ಇಮಾಮರು, ಚರ್ಚಿನ ಫಾದರ್, ಜೈನ ಬಸದಿಯವರು, ಎಲ್ಲರ ನಂಬರೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ರಾತ್ರಿ ಎರಡು ಗಂಟೆಗೆ ಕರೆದರೂ ಬರುತ್ತೀರಾ ಅಂತ ಅವರನ್ನು ಹಗಲಿನಲ್ಲೇ ಕೇಳಿಟ್ಟುಕೊಳ್ಳಿ.